ರೋಗದ ಭಾರ ಯಾರ ಮೇಲೆ?

ದುಡಿಯಲು ಪರಸ್ಥಳಕ್ಕೆ ಹೋದ ಕೂಲಿಕಾರನು ಊರಿಗೆ ಯಾವಾಗ ಮರಳುವನೆಂದು ಕೇಳಿದರೆ ನಮ್ಮ ಪಟ್ಟಣವಾಸಿಗಳ ಉತ್ತರ ಸಿದ್ಧವಾಗಿಯೇ ಇರುತ್ತದೆ: ಸುಗ್ಗಿಗೆ, ಜಾತ್ರೆಗೆ, ಮದುವೆಗೆ, ಇಲ್ಲವೆ ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ. ಇದು ಅರ್ಧ ಸತ್ಯ ಮಾತ್ರ. ಮೈಯಲ್ಲಿ ಕಸುವಿರುವ ವರೆಗೆ ಪಟ್ಟಣವು ಅವನನ್ನು ಇರಿಸಿಕೊಳ್ಳುವದು. ಕಸುವು ಕುಂದಿದ ದಿನ ಕೂಲಿ ನಿಲ್ಲುವದು; ಕೂಲಿ ನಿಂತರೆ ಕೋಣೆಯ ಬಾಡಿಗೆ ನಿಲ್ಲುವದು; ಗಂಜಿ ಕಾಯಿಸಿ ಕೊಡಲು ಹತ್ತಿರ ಯಾರೂ ಇರುವದಿಲ್ಲ. ಆಗ ಅವನು ಊರ ಹಾದಿ ಹಿಡಿಯುವದನ್ನು ಸ್ವೇಚ್ಛೆಯ ನಿರ್ಣಯವೆಂದು ಕರೆಯುವದು ಮಾತಿಗೆ ಮಾಡುವ ಅಪಚಾರವೇ ಸರಿ.

ಮಧ್ಯಪ್ರದೇಶದ ಅಲಿರಾಜಪುರ, ಝಾಬುವಾ, ಧಾರ ಜಿಲ್ಲೆಗಳ ಆದಿವಾಸಿಗಳ ಕಥೆಯು ಇದಕ್ಕೆ ನಿದರ್ಶನ. ಮಳೆಯಿಲ್ಲದ ಹೊಲಗಳನ್ನು ಬಿಟ್ಟು ಅವರು ಗುಜರಾತದ ಗೋಧ್ರಾ ಕಡೆಯ ಬೆಣಚುಕಲ್ಲು ಪುಡಿಮಾಡುವ ಕಾರಖಾನೆಗಳಿಗೆ ಹೋದರು. ಆ ಕಲ್ಲಿನ ಸಣ್ಣ ಧೂಳು ಪುಪ್ಪುಸದೊಳಗೆ ಸೇರಿ ಗಾಯಮಾಡಿ ಗಂಟುಕಟ್ಟುವದು. ಇದಕ್ಕೆ ವೈದ್ಯರು ಸಿಲಿಕೋಸಿಸ್ ಎನ್ನುವರು. ಗುಣಪಡಿಸುವ ಮದ್ದು ಇದಕ್ಕಿಲ್ಲ. ಉಸಿರಾಡಲಾಗದೆ ಊರಿಗೆ ಮರಳಿದ ತರುಣರು ಒಬ್ಬರ ಹಿಂದೊಬ್ಬರು ತೀರಿಕೊಂಡರು. 2006ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಈ ವ್ಯಾಜ್ಯದಲ್ಲಿ 2016ರ ಮೇ ತಿಂಗಳಲ್ಲಿ ಆಜ್ಞೆಯಾಯಿತು: ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿಗಳನ್ನು ಗುಜರಾತ ಸರಕಾರವು ಕೊಡತಕ್ಕದ್ದು, ರೋಗಪೀಡಿತರಾದ 304 ಮಂದಿಯ ಪುನರ್ವಸತಿಯನ್ನು ಮಧ್ಯಪ್ರದೇಶ ಸರಕಾರವು ನೋಡತಕ್ಕದ್ದು. ನ್ಯಾಯವು ದೊರೆಯಿತು, ನಿಜ. ಆದರೆ ಹತ್ತು ವರ್ಷ ಕಾಯುವ ಉಸಿರು ಸಿಲಿಕೋಸಿಸ್ ರೋಗಿಗೆ ಎಲ್ಲಿಂದ ಬರಬೇಕು?

ಈ ಪ್ರಕರಣದಲ್ಲಿ ವಾಚಕರು ಗಮನಿಸಬೇಕಾದ ಸಂಗತಿ ಒಂದುಂಟು. ರೋಗವು ಹುಟ್ಟಿದ್ದು ಒಂದು ರಾಜ್ಯದಲ್ಲಿ, ಸಾವು ಬಂದದ್ದು ಇನ್ನೊಂದು ರಾಜ್ಯದಲ್ಲಿ. ರೋಗಿಯು ಹೊರಟುಹೋದ ಮರುದಿನ ಕಾರಖಾನೆಯಲ್ಲಿ ಬೇರೊಬ್ಬ ಗಟ್ಟಿಮುಟ್ಟಾದ ಹುಡುಗನು ನಿಲ್ಲುವನು. ಆದುದರಿಂದ ಅಲ್ಲಿಯ ಪಟ್ಟಿಯಲ್ಲಿ ಎಲ್ಲರೂ ಸದಾ ಆರೋಗ್ಯವಂತರೇ! ವಿದೇಶದ ವಿದ್ವಾಂಸರು ಇದೇ ಬಗೆಯ ವಿದ್ಯಮಾನಕ್ಕೆ ಹುಟ್ಟಿದ ಹೊಳೆಗೆ ಮರಳಿ ಸಾಯುವ ಸಾಲ್ಮನ್ ಮೀನಿನ ಹೆಸರಿಟ್ಟಿದ್ದಾರೆ. ಅಮೇರಿಕೆಯಲ್ಲಿ ದುಡಿಯುವ ಮೆಕ್ಸಿಕೋದವರ ಮರಣಸಂಖ್ಯೆ ಕಡಿಮೆ ತೋರುವದಕ್ಕೆ ರೋಗಿಗಳು ಸ್ವದೇಶಕ್ಕೆ ಮರಳುವದೂ ಒಂದು ಕಾರಣವಿರಬಹುದೆಂದು ಅವರು ಚರ್ಚಿಸಿರುವರು. ತಾತ್ಪರ್ಯವೇನಂದರೆ, ದುಡಿಮೆಯ ಲಾಭವು ಪಟ್ಟಣದ ಲೆಕ್ಕದಲ್ಲಿ ಜಮೆಯಾಗುವದು, ರೋಗದ ಖರ್ಚು ಹಳ್ಳಿಯ ಲೆಕ್ಕಕ್ಕೆ ಬೀಳುವದು.

ಆರೋಗ್ಯವು ಮನುಷ್ಯನನ್ನು ಊರಿಗೆ ಎಳೆಯುವಂತೆ ಪಟ್ಟಣದಲ್ಲಿ ಕಟ್ಟಿಹಾಕುವದೂ ಉಂಟು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವನು, ಆ ಸೌಕರ್ಯವಿಲ್ಲದ ಹಳ್ಳಿಗೆ ಮರಳಬೇಕೆಂದರೂ ಮರಳಲಾರನು. ಮುದಿ ತಾಯಿಯು ಹಾಸಿಗೆ ಹಿಡಿದರೆ ದೃಢಕಾಯನಾದ ಮಗನೂ ಕೆಲಸ ಬಿಟ್ಟು ಬರಬೇಕಾಗುವದು. ಎರಡೂ ಕಡೆಗೆ ತೂಕ ಹಾಕುವದು ಒಂದೇ ವಸ್ತು: ಊರಿನ ಆಸ್ಪತ್ರೆಯ ಸ್ಥಿತಿ.

ನಮ್ಮ ನಾಡೇನು ಇದಕ್ಕೆ ಹೊರತಲ್ಲ. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಕಡೆಯಿಂದ ಪ್ರತಿವರ್ಷವೂ ಜನರು ಗುಳೇ ಹೋಗುತ್ತಾರೆ. ಬೆಂಗಳೂರಿನ ಕಟ್ಟಡಗಳನ್ನು ಇವರೊಡನೆ ಬಿಹಾರ, ಒಡಿಶಾ, ಬಂಗಾಲದವರು ಕಟ್ಟುತ್ತಾರೆ. 2020ರ ಕೊರೋನಾ ಕಾಲದಲ್ಲಿ, ಮಾರ್ಚಿ 25ರಿಂದ ದೇಶವೇ ಬಾಗಿಲು ಮುಚ್ಚಿದಾಗ, ಊರು ಸೇರುವದೊಂದೇ ಇವರ ಹಂಬಲವಾಗಿತ್ತು. ಮೇ ತಿಂಗಳ ಮೊದಲ ವಾರದಲ್ಲಿ ನಮ್ಮ ಸರಕಾರದವರು ಕಟ್ಟಡ ಉದ್ಯಮಿಗಳ ಸಭೆ ನಡೆಸಿದ ಬಳಿಕ, ಈ ಕೂಲಿಕಾರರ ರೈಲುಗಳು ಬೇಡವೆಂದು ರೈಲ್ವೆಯವರಿಗೆ ತಿಳಿಸಿದರು. ಖಂಡನೆಯು ಎದ್ದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಣಯವನ್ನು ಹಿಂತೆಗೆದುಕೊಂಡರು. ಮೈಯಲ್ಲಿ ಬಲವಿದ್ದವನನ್ನು ಹೋಗಬೇಡವೆಂದು ತಡೆಯುವ ನಾವು, ಬಲಗುಂದಿದವನನ್ನು ಇರು ಎಂದು ತಡೆದದ್ದುಂಟೇ?

ಹೊರರಾಜ್ಯದ ಕೆಲಸಗಾರರಿಗೆ ಉಚಿತ ವೈದ್ಯಕೀಯ ಸೌಕರ್ಯ ಹಾಗೂ ಪ್ರಯಾಣಭತ್ತೆ ಕೊಡಬೇಕೆಂದು 1979ರಲ್ಲಿಯೇ ಶಾಸನವಾಗಿತ್ತು. ಅದರ ಸ್ಥಾನವನ್ನು ಈಗ 2020ರ ಕಾರ್ಮಿಕ ಸಂಹಿತೆಯು ಪಡೆದಿದೆ. 2018ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗೆ ಆಸ್ಪತ್ರೆಯ ಚಿಕಿತ್ಸೆ ಪರರಾಜ್ಯದಲ್ಲಿಯೂ ದೊರೆಯುವಂತಿದೆ. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯ ಖರ್ಚನ್ನು ಕೊಡುವದೇ ಹೊರತು ತಪ್ಪಿದ ಕೂಲಿಯನ್ನು ಕೊಡುವದಿಲ್ಲ. ಕೂಲಿಕಾರನನ್ನು ಊರಿಗೆ ಓಡಿಸುವದು ಬಹುಮಟ್ಟಿಗೆ ಈ ತಪ್ಪಿದ ಕೂಲಿಯೇ ಎಂಬುದನ್ನು ಅಧಿಕಾರಿಗಳು ಮನಗಾಣಬೇಕು.

ಮಾಡತಕ್ಕ ಕೆಲಸವು ಅಸಾಧ್ಯವಾದದ್ದೇನೂ ಅಲ್ಲ. ಕೆಲಸಕ್ಕೆ ಸೇರುವಾಗಲೂ ಬಿಡುವಾಗಲೂ ಕೂಲಿಕಾರನ ದೇಹಪರೀಕ್ಷೆಯಾಗಬೇಕು. ಎಲ್ಲಿ, ಯಾರಲ್ಲಿ, ಎಷ್ಟು ಕಾಲ ದುಡಿದನೆಂಬ ದಾಖಲೆಯು ಅವನ ಕೈಯಲ್ಲಿಯೇ ಇರಬೇಕು. ವರ್ಷಗಳ ನಂತರ ಕೆಮ್ಮು ಬಂದಾಗ ಪರಿಹಾರ ಕೇಳಲು ಅದೇ ಆಧಾರ. ಹಳ್ಳಿಯ ವೈದ್ಯರು ಧೂಳಿನ ರೋಗವನ್ನು ಬರಿಯ ಕ್ಷಯವೆಂದು ಬರೆದು ಕಳಿಸದೆ, ‘ಎಲ್ಲಿ ಕೆಲಸ ಮಾಡಿದ್ದೆ?’ ಎಂದು ಕೇಳುವದನ್ನು ರೂಢಿಸಿಕೊಳ್ಳಬೇಕು. ರಾಜಸ್ಥಾನದವರು 2019ರಲ್ಲಿ ಇಂಥ ರೋಗಿಗಳಿಗಾಗಿಯೇ ನೀತಿಯೊಂದನ್ನು ರಚಿಸಿ, ರೋಗವು ದೃಢಪಟ್ಟೊಡನೆ ಸಹಾಯಧನ ಕೊಡುವ ಏರ್ಪಾಡು ಮಾಡಿದರು. ಕೋಲಾರದ ಚಿನ್ನದ ಗಣಿಗಳಲ್ಲಿ ಈ ರೋಗವನ್ನು 1940ರ ದಶಕದಲ್ಲಿಯೇ ಕಂಡ ನಮ್ಮ ನಾಡು ಈ ವಿಷಯದಲ್ಲಿ ಹಿಂದೆ ಬೀಳುವದು ಶೋಭೆಯಲ್ಲ.

ಊರಿಗೆ ಮರಳುವದು ಮನುಷ್ಯನ ಹಕ್ಕು, ಅದು ಶಿಕ್ಷೆಯಾಗಕೂಡದು. ಗಳಿಸಿ ಮರಳುವವನನ್ನು ಕಂಡು ಹಳ್ಳಿಯು ಹಿಗ್ಗಲಿ. ಆದರೆ ಜಜ್ಜಿದ ಕಬ್ಬಿನ ಸಿಪ್ಪೆಯನ್ನು ಗಾಣದಿಂದಾಚೆ ಎಸೆದಂತೆ ದೇಶಬಾಂಧವರನ್ನು ಹಳ್ಳಿಗೆ ಎಸೆಯುವ ಪಟ್ಟಣವು ತನ್ನ ಅಭಿವೃದ್ಧಿಯ ಲೆಕ್ಕವನ್ನು ಇನ್ನೊಮ್ಮೆ ತಾಳೆ ನೋಡಿಕೊಳ್ಳಲಿ.