ಒರೆಸುವ ಮುನ್ನ ಒಮ್ಮೆ ಓದೋಣ

ಲೆಕ್ಕ ತಪ್ಪಾಯಿತೆಂದು ತಿಳಿದೊಡನೆ ಸ್ಲೇಟನ್ನು ಅಂಗೈಯಿಂದ ಒರೆಸಿಬಿಡುವ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. "ಒರೆಸಬೇಡ, ಎಲ್ಲಿ ತಪ್ಪಿತೆಂದು ಮೊದಲು ನೋಡೋಣ" ಎಂದು ವರ್ಷಗಟ್ಟಲೆ ಹೇಳಿದವನು ನಾನು. ಹಾಗೆ ಹೇಳಿದವನೇ ಈಚೆಗೆ ಅದೇ ತಪ್ಪನ್ನು ನಾಲ್ಕು ಸಲ ಮಾಡಿದೆನೆಂಬುದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ತಣಿಸಂದ್ರದ ನಮ್ಮ ಮನೆಯ ರೂಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವಿದೆ. ಲಿಂಕ್‌ಸಿಸ್ ಸಂಸ್ಥೆಯು ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲಸಂಕೇತವನ್ನು 2003ರಲ್ಲಿ ಬಹಿರಂಗಪಡಿಸಿದ್ದರ ಫಲವಾಗಿ 2004ರಲ್ಲಿ ಹುಟ್ಟಿದ ಯೋಜನೆ ಅದು. ಅದರೊಳಗೆ ಓಪನ್‌ವಿಪಿಎನ್ ಎಂಬ ಪ್ಯಾಕೇಜನ್ನೂ ಹಾಕಿಕೊಂಡಿದ್ದೇನೆ. ಊರಿಗೆ ಹೋದಾಗ ಮನೆಯ ಗಣಕದಲ್ಲಿರುವ ನನ್ನ ಬರಹಗಳನ್ನು ಅಲ್ಲಿಂದಲೇ ತೆರೆದು ತಿದ್ದಲು ನನಗಿರುವ ದಾರಿ ಅದೊಂದೇ.

ರೂಟರನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಈ ಪ್ಯಾಕೇಜು ಏಳುವುದು, ಮರುಕ್ಷಣವೇ ಬೀಳುವುದು ಆರಂಭವಾಯಿತು. ಬಲ್ಲವರನ್ನು ಕೇಳಿದರೆ ಎಲ್ಲರದೂ ಒಂದೇ ಮಂತ್ರ: "ಆಫ್ ಮಾಡಿ ಆನ್ ಮಾಡಿ, ಸಾರ್." ನಾಲ್ಕು ಸಲ ಮಾಡಿದೆ. ಕೊನೆಗೆ, ರೂಟರು ಹಳೆಯದಾಯಿತು, ಹೊಸದನ್ನು ಕೊಳ್ಳಿರೆಂಬ ತೀರ್ಪೂ ಬಂದಿತು.

ಐದನೆಯ ಸಲ ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ನನ್ನ ತರಗತಿ ನೆನಪಾಯಿತು. ಕೈ ತೆಗೆದು, 'ಲಾಗ್‌ರೀಡ್' ಎಂಬ ಆಜ್ಞೆಯಿಂದ ರೂಟರಿನ ದಿನಚರಿಯನ್ನು ತೆರೆದೆ. ಬಿದ್ದ ಪ್ಯಾಕೇಜನ್ನು ವ್ಯವಸ್ಥೆಯು ಐದು ಸಲ ಎಬ್ಬಿಸಿ, ಮತ್ತೂ ಬಿದ್ದುದರಿಂದ ಕೈಬಿಟ್ಟಿತೆಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾರಣ ಇರಲಿಲ್ಲ. ಪ್ಯಾಕೇಜನ್ನು ಆಜ್ಞೆಯ ಸಾಲಿನಿಂದ ನಾನೇ ಚಾಲನೆ ಮಾಡಿದಾಗ ಅದೂ ತಿಳಿಯಿತು: ತನಗೆ ಬೇಕಾದ ಒಂದು ಲೈಬ್ರರಿ ಸಿಗಲಿಲ್ಲವೆಂದು ಅದು ದೂರುತ್ತಿತ್ತು.

ಹಲವು ಪ್ಯಾಕೇಜುಗಳು ಹಂಚಿಕೊಂಡು ಬಳಸುವ ಸಾಮಾನು ಈ ಲೈಬ್ರರಿ. ಅದರ ಹೆಸರಿನ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಒಳಗಿನ ಏರ್ಪಾಡು ಬದಲಾದಾಗ ಸಂಖ್ಯೆಯೂ ಬದಲಾಗುತ್ತದೆ. ನನ್ನ ಪ್ಯಾಕೇಜು ಹಳೆಯ ಸಂಖ್ಯೆಯನ್ನೇ ಕೇಳುತ್ತಿತ್ತು. ಏಕೆಂದರೆ, ಮತ್ತೆ ಡೌನ್‌ಲೋಡ್ ಮಾಡುವ ಶ್ರಮವೇಕೆಂದು ಪೆನ್‌ಡ್ರೈವಿನಲ್ಲಿದ್ದ ಹಳೆಯ ಪ್ಯಾಕೇಜನ್ನೇ, ಎಚ್ಚರಿಕೆ ಬಂದರೂ ಬಲವಂತದಿಂದ ಸ್ಥಾಪಿಸಿದವನು ನಾನೇ! ಅದನ್ನು ತೆಗೆದು, ಹೊಸ ಆವೃತ್ತಿಗೆಂದೇ ಸಿದ್ಧವಾದ ಪ್ಯಾಕೇಜನ್ನು ಹಾಕಿದೆ. ಹತ್ತು ನಿಮಿಷದ ಕೆಲಸ. ರೂಟರಿಗೆ ಏನೂ ಆಗಿರಲಿಲ್ಲ.

ಕನ್ನಡ ಬರೆಯುವ ನಮಗೆ ಇಂತಹ ಅನುಭವ ಹೊಸದಲ್ಲ. 'ನುಡಿ', 'ಬರಹ'ಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಿಸಿದ ಕಡತಗಳು ಯೂನಿಕೋಡ್ ಬಂದ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡವು. ಕಡತ ಕೆಟ್ಟಿರಲಿಲ್ಲ, ಓದುವ ನಿಯಮ ಬದಲಾಗಿತ್ತು. ತಾಳ್ಮೆಯಿಂದ ಪರಿವರ್ತಕವನ್ನು ಬಳಸಿದವರ ಬರಹ ಉಳಿಯಿತು. ಕೆಟ್ಟಿತೆಂದು ಅಳಿಸಿದ್ದರೆ ಅದು ಶಾಶ್ವತವಾಗಿ ಹೋಗುತ್ತಿತ್ತು.

ಆಫ್ ಮಾಡಿ ಆನ್ ಮಾಡುವುದು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಎಲ್ಲೋ ಸಿಕ್ಕಿಕೊಂಡ ಯಂತ್ರ ಅದರಿಂದ ಬಿಡಿಸಿಕೊಳ್ಳುವುದುಂಟು. ಆದರೆ ಅದು ಎರಡನೆಯ ಹೆಜ್ಜೆಯಾಗಬೇಕು. ರೂಟರಿನ ದಿನಚರಿ ಸಾಮಾನ್ಯವಾಗಿ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುತ್ತದೆ. ಸ್ವಿಚ್ಚು ಒತ್ತಿದೊಡನೆ ಆ ಸಾಕ್ಷ್ಯ ಅಳಿಸಿಹೋಗುತ್ತದೆ. ನಮ್ಮ ಬಡಾವಣೆಯ ಮಳೆಗಾಲದಲ್ಲಂತೂ ಕರೆಂಟೇ ಆ ಕೆಲಸವನ್ನು ಮಾಡಿಬಿಡುತ್ತದೆ. ನನ್ನ ಪ್ಯಾಕೇಜು ಪ್ರತಿ ಸಲವೂ ಬೀಳುತ್ತಿದ್ದುದರಿಂದ ಸಾಕ್ಷ್ಯ ಮತ್ತೆ ದೊರಕಿತು. ತಿಂಗಳಿಗೊಮ್ಮೆ ಬೀಳುವಂತಹದಾಗಿದ್ದರೆ ಮುಂದಿನ ತಿಂಗಳವರೆಗೆ ಕಾಯಬೇಕಾಗುತ್ತಿತ್ತು. ದಿನಚರಿಯನ್ನು ಪೆನ್‌ಡ್ರೈವಿಗೋ ಇನ್ನೊಂದು ಗಣಕಕ್ಕೋ ಬರೆಯುವಂತೆ ಹೊಂದಿಸಲು ಸಾಧ್ಯವಿದೆ. ನಾನೀಗ ಹಾಗೆಯೇ ಮಾಡಿದ್ದೇನೆ.

ಯಂತ್ರವು ತನ್ನ ಸಂಕಟವನ್ನು ತಾನೇ ಬರೆದಿಟ್ಟಿರುವಾಗ, ಅದನ್ನು ಓದದೆ ಹೊಸದನ್ನು ಕೊಳ್ಳಿರೆಂದು ಹೇಳುವುದು ಸಲಹೆಯಲ್ಲ, ಸೋಮಾರಿತನ. ಮಕ್ಕಳಿಗೆ ಗಣಕವನ್ನು ಕಲಿಸುವ ಗುರುಗಳಲ್ಲಿ ನನ್ನದೊಂದು ವಿನಂತಿ: ಗುಂಡಿ ಒತ್ತುವುದನ್ನು ಅವರು ತಾವಾಗಿಯೇ ಕಲಿಯುತ್ತಾರೆ, ದೋಷದ ಸಾಲನ್ನು ಹೆದರದೆ ಪೂರ್ತಿ ಓದುವುದನ್ನು ದಯವಿಟ್ಟು ಕಲಿಸಿ. ನಿವೃತ್ತನಾದ ಮೇಲೆ ನಾನೂ ಅದನ್ನು ಮತ್ತೊಮ್ಮೆ ಕಲಿಯಬೇಕಾಯಿತು.