ಚಿಮಣಿ ಎತ್ತರವಾದರೆ ಹೊಗೆ ಎಲ್ಲಿಗೆ ಹೋಗುತ್ತದೆ?

ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಎಷ್ಟಿರಬಹುದೆಂಬುದಕ್ಕೆ 2015ರವರೆಗೆ ದೇಶಾದ್ಯಂತ ಅನ್ವಯವಾಗುವ ಮಿತಿಯೇ ಇರಲಿಲ್ಲ. ಇದ್ದುದು ಚಿಮಣಿಯ ನಿಯಮ ಮಾತ್ರ: 500 ಮೆಗಾವಾಟ್ ಹಾಗೂ ಅದಕ್ಕೂ ದೊಡ್ಡ ಘಟಕಕ್ಕೆ 275 ಮೀಟರ್ ಎತ್ತರ. ಎತ್ತರದ ಚಿಮಣಿ ವಿಷವನ್ನು ತಗ್ಗಿಸುವುದಿಲ್ಲ, ದೂರದವರಿಗೆ ಹಂಚುತ್ತದೆ. ಗಾಳಿಯಲ್ಲಿ ಸಾಗುತ್ತ ಆ ಅನಿಲ ಸಲ್ಫೇಟಿನ ಸೂಕ್ಷ್ಮ ಕಣವಾಗಿ ಶ್ವಾಸಕೋಶ ಸೇರುತ್ತದೆ. ಮಳೆಯೊಡನೆ ಆಮ್ಲವಾಗಿಯೂ ನೆಲಕ್ಕಿಳಿಯುತ್ತದೆ.

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯವು ಮಿತಿ ವಿಧಿಸಿ ಎರಡು ವರ್ಷಗಳ ಗಡುವು ನೀಡಿತು. ಗಡುವು 2022ಕ್ಕೆ ಜಾರಿತು. 2021, 2022, 2024ರಲ್ಲಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ ಸುಮಾರು ಶೇಕಡ 78ರಷ್ಟು ಘಟಕಗಳಿಗೆ ಗಂಧಕದ ಮಿತಿಯಿಂದಲೇ ವಿನಾಯಿತಿ ದೊರೆಯಿತು. ಷರತ್ತು ಏನೆಂದರೆ, ಚಿಮಣಿಯ ಎತ್ತರ! ಹತ್ತು ವರ್ಷ ನಡೆದು ಹೊರಟಲ್ಲಿಗೇ ಬಂದು ನಿಂತಂತಾಯಿತು.

ಭಾರತದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಹೊಗೆ ತೊಳೆಯಲು ಬೇಕಾದ ಸುಣ್ಣಕಲ್ಲಿನ ಗಣಿಗಾರಿಕೆಯಿಂದಲೂ ಹಾನಿಯುಂಟು ಎಂಬುದು ಸರ್ಕಾರದ ಸಮರ್ಥನೆ. ಅದನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ದೆಹಲಿ ರಾಜಧಾನಿ ವಲಯದಿಂದ ಅಥವಾ ಹತ್ತು ಲಕ್ಷ ಜನರಿರುವ ನಗರದಿಂದ 10 ಕಿಲೋಮೀಟರ್ ಒಳಗಿರುವ ಸ್ಥಾವರಗಳು 2027ರ ಅಂತ್ಯದೊಳಗೆ ಮಿತಿಯನ್ನು ಪಾಲಿಸಲೇಬೇಕು. ನಗರದ ಪಕ್ಕದಲ್ಲಿ ಅಪಾಯಕಾರಿಯಾದ ಹೊಗೆ ಹಳ್ಳಿಯ ಮೇಲೆ ಹಾದಾಗ ನಿರಪಾಯವಾಗುವುದು ಹೇಗೆ?

ಮಹಾರಾಷ್ಟ್ರದ ಡಹಾಣು ಬೇರೆ ದಾರಿ ತೋರಿತ್ತು. ಚಿಕ್ಕು ತೋಟಗಳ, ವಾರ್ಲಿ ಜನರ ಈ ತಾಲ್ಲೂಕನ್ನು 1991ರಲ್ಲೇ ಸೂಕ್ಷ್ಮ ಪರಿಸರ ಪ್ರದೇಶವೆಂದು ಘೋಷಿಸಲಾಗಿತ್ತು. 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಿವೃತ್ತ ನ್ಯಾಯಮೂರ್ತಿ ಧರ್ಮಾಧಿಕಾರಿಯವರ ನೇತೃತ್ವದಲ್ಲಿ ಪ್ರಾಧಿಕಾರವೊಂದು ರಚನೆಯಾಯಿತು. ಅಲ್ಲಿನ 500 ಮೆಗಾವಾಟ್ ಸ್ಥಾವರವು ಹೊಗೆಯಿಂದ ಗಂಧಕವನ್ನು ತೆಗೆಯುವ ಘಟಕ ಹಾಕಬೇಕೆಂದು 1999ರಲ್ಲಿ ಅದು ಆಜ್ಞಾಪಿಸಿತು. ಕಂಪನಿ ವರ್ಷಗಟ್ಟಲೆ ಎಳೆದಾಡಿತು. ಪ್ರಾಧಿಕಾರ 300 ಕೋಟಿ ರೂಪಾಯಿಗಳ ಬ್ಯಾಂಕ್ ಖಾತರಿ ಕೇಳಿತು. 2007ರಲ್ಲಿ ಘಟಕ ಚಾಲನೆಗೊಂಡಿತು. ಡಹಾಣುವಿನಲ್ಲಿ ಹತ್ತು ಲಕ್ಷ ಜನರಿರಲಿಲ್ಲ, ಇಂದಿಗೂ ಇಲ್ಲ.

ವಿನಾಯಿತಿ ಗಂಧಕಕ್ಕೆ ಮಾತ್ರ. ಬೂದಿಯ ಕಣಗಳ ಮಿತಿ ಎಲ್ಲ ಸ್ಥಾವರಗಳಿಗೂ ಹಾಗೆಯೇ ಉಳಿದಿದೆ. ಆ ಅಳತೆಗಳ ದಾಖಲೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಯಾವ ಹಳ್ಳಿಯವರೂ ಯಾವ ವಿದ್ಯಾರ್ಥಿಯೂ ಕೇಳಿ ಪಡೆಯಬಹುದು.