ಸೀಮೆಹಸುವಿನ ಗಂಡುಕರು

ಗುಂಡ್ಲುಪೇಟೆ, ಚಾಮರಾಜನಗರಗಳ ಕಡೆಯ ಹಳ್ಳಿಗಳಲ್ಲಿ ಹಸು ಈದ ಸುದ್ದಿ ಬಂದೊಡನೆ ಜನರು ಕೇಳುವ ಮೊದಲ ಪ್ರಶ್ನೆ "ಹೆಣ್ಣೋ, ಗಂಡೋ?" ಎಂಬುದು. ಪ್ರಶ್ನೆ ಹಳೆಯದೇ. ಆದರೆ ಅದರ ಉತ್ತರಕ್ಕಿದ್ದ ಬೆಲೆ ಎರಡು ತಲೆಮಾರುಗಳಲ್ಲಿ ತಲೆಕೆಳಗಾಗಿದೆ. ಹಿಂದೆ "ಗಂಡು" ಎಂಬ ಮಾತು ಕೇಳಿ ಮನೆಯವರ ಮುಖ ಅರಳುತ್ತಿದ್ದಿತು. ಇಂದು ಅದೇ ಮಾತಿಗೆ ಮನೆಯವರು ಸುಮ್ಮನಾಗುತ್ತಾರೆ. ಈ ಮೌನಕ್ಕೆ ಕಾರಣವೇನು, ಅದರ ಹೊಣೆ ಯಾರದು ಎಂಬುದನ್ನು ವಾಚಕರ ಮುಂದೆ ಇಡಬೇಕೆಂದು ನಮ್ಮ ಉದ್ದೇಶ.

ಹಳೆಯ ಮೈಸೂರು ಸೀಮೆಯಲ್ಲಿ ದನಗಳನ್ನು ಸಾಕಿದುದು ಮುಖ್ಯವಾಗಿ ಎತ್ತುಗಳಿಗಾಗಿ. ಅರಸರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಆ ತಳಿಯ ಕೀರ್ತಿಯೆಲ್ಲ ಫಿರಂಗಿಗಳನ್ನು ಎಳೆದು ನಡೆದ ಎತ್ತುಗಳಿಗೆ ಸಂದುದೇ ಹೊರತು ಹಾಲಿಗಲ್ಲ. ಹಳ್ಳಿಕಾರ್ ತಳಿಯದೂ ಇದೇ ಕಥೆ. ಹಸುವಿನ ಹಾಲು ಸ್ವಲ್ಪ. ಅದರಲ್ಲಿ ಬಹುಪಾಲನ್ನು ಹೋರಿಕರುವಿಗೇ ಬಿಡುತ್ತಿದ್ದರು. ಕರು ಚೆನ್ನಾಗಿ ಬೆಳೆದರೆ ಮೂರನೆಯ ವರ್ಷಕ್ಕೆ ನೊಗಕ್ಕೆ ಬಂದು, ಮುಂದೆ ಹತ್ತು ವರ್ಷ ಮನೆಯನ್ನು ಸಾಕುತ್ತಿದ್ದಿತು. ಹೀಗೆ ಕರುವಿಗೆ ಬಿಟ್ಟ ಹಾಲು ವ್ಯರ್ಥವಾಗುತ್ತಿರಲಿಲ್ಲ, ಮೂಲಧನವಾಗುತ್ತಿದ್ದಿತು.

ಆಮೇಲೆ ಹೋಲ್‌ಸ್ಟೀನ್ ಫ್ರೀಸಿಯನ್, ಜೆರ್ಸಿ ಹೋರಿಗಳ ವೀರ್ಯವು ಕೃತಕ ಗರ್ಭಧಾರಣೆಯ ಮೂಲಕ ಹಳ್ಳಿಹಳ್ಳಿಗೂ ಬಂದಿತು. ಜನರು ಸೀಮೆಹಸು ಎಂದು ಕರೆಯುವ ಮಿಶ್ರತಳಿ ಹುಟ್ಟಿತು. ಸಹಕಾರ ಸಂಘಗಳು ಬೆಳೆದುವು; ಚಾಮರಾಜನಗರ ಜಿಲ್ಲೆಗೆ ಕುದೇರಿನಲ್ಲಿ ತನ್ನದೇ ಆದ ಹಾಲು ಒಕ್ಕೂಟದ ಡೈರಿಯೂ ಬಂದಿತು. ಮಳೆಯನ್ನೇ ನೆಚ್ಚಿದ, ಅರಿಸಿನ, ಈರುಳ್ಳಿಗಳ ಬೆಲೆ ಏರಿಳಿಯುವ ಈ ಸೀಮೆಯಲ್ಲಿ ಹಾಲಿನ ಹಣ ಎಷ್ಟೋ ಸಂಸಾರಗಳ ಊರುಗೋಲಾಗಿರುವುದನ್ನು ಅಲ್ಲಗಳೆಯಲಾಗದು. ಆದರೆ ಅದೇ ಕಾಲದಲ್ಲಿ ಟ್ರ್ಯಾಕ್ಟರು ಎತ್ತಿನ ಕೆಲಸವನ್ನು ಕಿತ್ತುಕೊಂಡಿತು. ಮಿಶ್ರತಳಿಯ ಹೋರಿಗೆ ನೊಗವನ್ನು ತಡೆದು ನಿಲ್ಲಿಸುವ ಹಿಣಿಲು ಚಿಕ್ಕದು, ಬಿಸಿಲನ್ನು ತಾಳುವ ಶಕ್ತಿಯೂ ಕಡಮೆ. ಹೀಗೆ ಗಂಡುಕರುವು ಉದ್ಯೋಗವಿಲ್ಲದೆಯೇ ಹುಟ್ಟತೊಡಗಿತು.

ಪ್ರಕೃತಿಗೆ ಈ ಲೆಕ್ಕ ತಿಳಿಯದು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಮೆ ಅರ್ಧ ಗಂಡು, ಅರ್ಧ ಹೆಣ್ಣು. ಆದರೆ 2019ರ ಜಾನುವಾರು ಗಣತಿಯನ್ನು ನೋಡಿರಿ: ಭಾರತದ ಸುಮಾರು 19 ಕೋಟಿ 25 ಲಕ್ಷ ದನಗಳಲ್ಲಿ ಹೆಣ್ಣುಗಳು 14 ಕೋಟಿ 51 ಲಕ್ಷ, ಗಂಡುಗಳು 5 ಕೋಟಿಗೂ ಕಡಮೆ. ಒಂದಕ್ಕೊಂದು ಸಮನಾಗಿ ಹುಟ್ಟಿದುವು ಮೂರಕ್ಕೆ ಒಂದಾದುವು. ಉಳಿದುವು ಎಲ್ಲಿಗೆ ಹೋದುವು? ಕೆಲವು ಮಾರಾಟವಾಗಿ ಕಸಾಯಿಖಾನೆ ಸೇರಿದುವು. ಕೆಲವನ್ನು ಬೀದಿಗೆ, ಕಾಡಿಗೆ ಬಿಟ್ಟರು. ಮಿಕ್ಕವು ಕೊಟ್ಟಿಗೆಯಲ್ಲಿಯೇ, ಹಾಲಿನ ಕೊರತೆಯಿಂದ, ಹೆಸರಿಲ್ಲದೆ ಸತ್ತುವು. ಇವುಗಳಲ್ಲಿ ಕೊನೆಯದೇ ಅತ್ಯಂತ ಕ್ರೂರವಾದುದು, ಅದೇ ಯಾರ ಕಣ್ಣಿಗೂ ಬೀಳದುದು ಎಂದು ನಮ್ಮ ಅಭಿಪ್ರಾಯ.

ಬೇರೆ ದೇಶಗಳು ಈ ಪ್ರಶ್ನೆಗೆ ಬೇರೆ ಉತ್ತರವನ್ನು ಕಂಡುಕೊಂಡಿವೆ. ಅಮೆರಿಕದಲ್ಲಿ ಹಿಂಡಿಗೆ ಬೇಕಾದ ಹೆಣ್ಣುಕರುಗಳಿಗಾಗಿ ಆಯ್ದ ಹಸುಗಳನ್ನು ಇಟ್ಟುಕೊಂಡು, ಉಳಿದ ಹಾಲಿನ ಹಸುಗಳಿಗೆ ಆಂಗಸ್ ಮೊದಲಾದ ಮಾಂಸದ ತಳಿಗಳ ವೀರ್ಯವನ್ನು ಕೊಡಿಸುತ್ತಾರೆ. ಹುಟ್ಟಿದ ಮಿಶ್ರ ಕರುಗಳನ್ನು ಫೀಡ್‌ಲಾಟ್ ಎಂಬ ವಿಶಾಲವಾದ ದೊಡ್ಡಿಗಳಲ್ಲಿ ಧಾನ್ಯ ತಿನ್ನಿಸಿ ಬೆಳೆಸಿ ಮಾಂಸಕ್ಕೆ ಕಳುಹಿಸುವರು. ಅಲ್ಲಿ ಆ ಕರುವಿಗೆ ಒಳ್ಳೆಯ ಬೆಲೆ ಇದೆ. ಬೆಲೆ ಇರುವುದರಿಂದ ಆರೈಕೆಯೂ ಇದೆ. ಕರ್ನಾಟಕದಲ್ಲಿ ಆ ದಾರಿ ಇಲ್ಲ. 1964ರ ಕಾನೂನು ಹಸು, ಕರುಗಳ ವಧೆಯನ್ನು ನಿಷೇಧಿಸಿ, ವಯಸ್ಸಾದ ಎತ್ತು, ಹೋರಿಗಳಿಗೆ ಮಾತ್ರ ಅವಕಾಶವಿತ್ತಿದ್ದಿತು. 2021ರಲ್ಲಿ ಜಾರಿಗೆ ಬಂದ ಕಾನೂನು ಎತ್ತು, ಹೋರಿಗಳನ್ನೂ ನಿಷೇಧದೊಳಗೆ ತಂದು, ವಧೆಗಾಗಿ ಹೊರರಾಜ್ಯಕ್ಕೆ ಸಾಗಿಸುವುದನ್ನೂ ತಡೆಯಿತು.

ಈ ಕಾನೂನು ಸರಿಯೇ ತಪ್ಪೇ ಎಂಬ ವಾದ ಬಹಳ ದಿನಗಳಿಂದ ನಡೆದಿದೆ. ಅದನ್ನು ಇಲ್ಲಿ ತೀರ್ಮಾನಿಸಲು ನಾವು ಹೊರಟಿಲ್ಲ. ನಾವು ಹೇಳತಕ್ಕದ್ದು ಇಷ್ಟೆ: ಒಂದು ದಾರಿಯನ್ನು ಮುಚ್ಚಿದ ಮಾತ್ರಕ್ಕೆ ಆ ದಾರಿಯಲ್ಲಿ ಬರುತ್ತಿದ್ದ ಪ್ರಾಣಿ ಮಾಯವಾಗುವುದಿಲ್ಲ. ಅದು ಮೇಯಬೇಕು, ಕುಡಿಯಬೇಕು, ಎಲ್ಲಿಯಾದರೂ ಮಲಗಬೇಕು. ಅದರ ಖರ್ಚನ್ನು ಸಮಾಜ ವಹಿಸದಿದ್ದರೆ ಒಂದೆರಡು ಹಸುಗಳ ಬಡ ರೈತನು ವಹಿಸಬೇಕಾಗುತ್ತದೆ. ಅವನಿಂದಾಗದಿದ್ದರೆ ಕರುವೇ ತನ್ನ ಪ್ರಾಣದಿಂದ ತೆರಬೇಕಾಗುತ್ತದೆ. ವಧೆಯನ್ನು ಒಪ್ಪದವರೂ ಒಪ್ಪುವವರೂ ಈ ಲೆಕ್ಕಕ್ಕೆ ಸಮಾನವಾಗಿ ಉತ್ತರ ಹೇಳಬೇಕು.

ಕರುವಿನ ಕೊನೆ ಏನಾದರೂ ಆಗಲಿ, ಅದರ ಆರಂಭದ ಶಾಸ್ತ್ರ ಮಾತ್ರ ಎಲ್ಲೆಡೆಯೂ ಒಂದೇ. ಮಾನವ ಶಿಶುವಿಗೆ ರೋಗನಿರೋಧಕ ವಸ್ತುಗಳು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ಬರುತ್ತವೆ. ಹಸುವಿನ ಮಾಸಿನ ರಚನೆ ಬೇರೆಯಾಗಿರುವುದರಿಂದ ಕರುವಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬೇಕಾದ ರಕ್ಷಣೆಯೆಲ್ಲ ಗಿಣ್ಣುಹಾಲಿನಲ್ಲಿದೆ. ಆ ವಸ್ತುಗಳನ್ನು ಇಡಿಯಾಗಿ ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚಾಗಿದ್ದು, ಒಂದು ದಿನದೊಳಗೆ ಮುಗಿದುಹೋಗುತ್ತದೆ. 25 ಕಿಲೋ ತೂಗುವ ಕರುವಿಗೆ ಹುಟ್ಟಿದ ಒಂದೆರಡು ಗಂಟೆಗಳಲ್ಲಿ ಎರಡು, ಎರಡೂವರೆ ಲೀಟರು ಗಿಣ್ಣುಹಾಲು ಸೇರಬೇಕು. ಗಿಣ್ಣು ನಮಗೆ ರುಚಿಯಾದ ತಿಂಡಿ. ಕರುವಿಗೆ ಅದು ಪ್ರಾಣ. ಅದು ಕುಡಿದು ತಣಿದ ಮೇಲೆ ಮಿಕ್ಕುದು ನಮ್ಮದೆಂಬ ನಿಯಮವನ್ನು ಪ್ರತಿ ಮನೆಯೂ ಪಾಲಿಸತಕ್ಕದ್ದು.

ಇನ್ನೊಂದು ತಪ್ಪು ಗಂಜಿಯದು. ಹಾಲನ್ನು ಉಳಿಸಲು ಎಳೆಗರುವಿಗೆ ಗಂಜಿ ಕುಡಿಸುವುದುಂಟು. ಹಸುವಿಗೆ ನಾಲ್ಕು ಕೋಣೆಗಳ ಹೊಟ್ಟೆ ಇದ್ದರೂ, ಹುಟ್ಟಿದಾಗ ರೂಮೆನ್ ಎಂಬ ಮೊದಲ ಕೋಣೆ ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಕುಡಿದ ಹಾಲು ಒಂದು ಕಾಲುವೆಯಂತಹ ಮಡಿಕೆಯ ಮೂಲಕ ನೇರವಾಗಿ ಕೊನೆಯ ಕೋಣೆಗೆ ಹೋಗುತ್ತದೆ. ಪಿಷ್ಟವನ್ನು ಜೀರ್ಣಿಸುವ ರಸಗಳು ಮೊದಲ ವಾರಗಳಲ್ಲಿ ಬಹಳ ಕಡಮೆ. ಆದುದರಿಂದ ಗಂಜಿ ಕುಡಿದ ಎಳೆಗರು ಬೇಧಿಯಿಂದ ಸೊರಗುತ್ತದೆ. ಎರಡನೆಯ ವಾರದಿಂದ ಒಣ ಹಿಂಡಿ, ನುಚ್ಚುಗಳ ಕರು ಆಹಾರವನ್ನು ಒಂದೊಂದು ಹಿಡಿಯಂತೆ ಇಟ್ಟರೆ ರೂಮೆನ್ನಿನಲ್ಲಿ ಸೂಕ್ಷ್ಮಜೀವಿಗಳು ನೆಲಸಿ, ಅವು ಉಂಟುಮಾಡುವ ಆಮ್ಲಗಳಿಂದ ಅದರ ಒಳಪದರ ಬೆಳೆಯುತ್ತದೆ. ಪಶುವೈದ್ಯರ ಸಲಹೆಯಂತೆ ಸಕಾಲದಲ್ಲಿ ಜಂತುಹುಳುವಿನ ಔಷಧವನ್ನೂ ಕೊಟ್ಟರೆ, ಎರಡು ಮೂರು ತಿಂಗಳಲ್ಲಿ ಕರುವು ಹಾಲನ್ನು ಬಿಟ್ಟು ಹುಲ್ಲಿಗೆ ಬರುವುದು.

ಇದಕ್ಕೆ ತಗಲುವ ವೆಚ್ಚವೆಷ್ಟು? ದಿನಕ್ಕೆ ಎರಡೂವರೆ ಲೀಟರಿನಂತೆ 60 ದಿನಕ್ಕೆ 150 ಲೀಟರು ಹಾಲು. ದಿನಕ್ಕೆ ಸರಾಸರಿ 8 ಲೀಟರು ಕರೆಯುವ ಹಸು 300 ದಿನಗಳಲ್ಲಿ 2,400 ಲೀಟರು ಕೊಡುತ್ತದೆಂದು ಇಟ್ಟುಕೊಳ್ಳೋಣ. ಎರಡು ಈತಕ್ಕೆ ಒಂದು ಗಂಡುಕರುವೆಂದರೆ, 4,800 ಲೀಟರಿನಲ್ಲಿ ಅದರ ಪಾಲು 150. ಅಂದರೆ ನೂರು ಲೀಟರಿಗೆ ಸುಮಾರು 3 ಲೀಟರು. ಹಾಲು ಕುಡಿಯುವ ನಾವೆಲ್ಲರೂ ಕೂಡಿ ತೆರಬೇಕಾದ ಋಣ, ಮೊದಲ ಎರಡು ತಿಂಗಳ ಮಟ್ಟಿಗೆ, ಇಷ್ಟೆ! ಇದು ಭಾರವೆಂದು ಯಾರು ಹೇಳಬಲ್ಲರು? ಆದರೆ ಈಗ ಇದು ಎಲ್ಲರ ಮೇಲೂ ಹಂಚಿಕೆಯಾಗದೆ, ಗಂಡುಕರು ಹುಟ್ಟಿದ ಮನೆಯ ಮೇಲೆಯೇ ಬೀಳುತ್ತಿದೆ. ಹಾಲಿನ ಬೆಲೆಯಲ್ಲಿ ಒಂದು ಚಿಕ್ಕ ಅಂಶವನ್ನು ಕರುವಿನ ನಿಧಿಗೆ ಎತ್ತಿಟ್ಟು, ಮೂರು ತಿಂಗಳವರೆಗೆ ಬದುಕಿಸಿದ ಪ್ರತಿ ಗಂಡುಕರುವಿಗೂ ಸಂಘದ ಮೂಲಕವೇ ರೈತನಿಗೆ ಹಣ ಸಲ್ಲಬೇಕೆಂದು ನಾವು ಸೂಚಿಸುತ್ತೇವೆ.

ಬೇಡದ ಕರುಗಳೇ ಹುಟ್ಟದಂತೆ ಮಾಡಬಾರದೆ ಎಂದು ವಾಚಕರು ಕೇಳಬಹುದು. ಬಹುಮಟ್ಟಿಗೆ ಮಾಡಬಹುದು. ಹೆಣ್ಣುಕರುವಿಗೆ ಕಾರಣವಾಗುವ ಎಕ್ಸ್ ವರ್ಣತಂತುವಿನ ವೀರ್ಯಾಣುವಿನಲ್ಲಿ, ಗಂಡಿಗೆ ಕಾರಣವಾದ ವೈ ವೀರ್ಯಾಣುವಿಗಿಂತ ಸುಮಾರು ನೂರಕ್ಕೆ 4ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಬೆಳಕಿನಲ್ಲಿ ಹೊಳೆಯುವ ಬಣ್ಣವನ್ನು ಕೂಡಿಸಿ, ಹೊಳಪಿನ ಈ ಅಲ್ಪ ಭೇದವನ್ನು ಯಂತ್ರದಿಂದ ಅಳೆದು ಅವನ್ನು ಬೇರ್ಪಡಿಸುವರು. ಹೀಗೆ ಆಯ್ದ ವೀರ್ಯದಿಂದ ಹತ್ತರಲ್ಲಿ ಒಂಬತ್ತು ಕರುಗಳು ಹೆಣ್ಣಾಗುತ್ತವೆ. ಈ ಕೆಲಸಕ್ಕೆ ನಮ್ಮ ದೇಶದಲ್ಲಿಯೇ ರೂಪಿಸಿದ ತಂತ್ರವೊಂದು 2024ರಲ್ಲಿ ಬಳಕೆಗೆ ಬಂದಿತು. ಆದರೆ ಇದರ ಬೆಲೆ ಹೆಚ್ಚು, ಗರ್ಭ ಕಟ್ಟುವ ಪ್ರಮಾಣ ತುಸು ಕಡಮೆ. ಹತ್ತು ಹಸುಗಳಿರುವವನು ಈ ನಷ್ಟವನ್ನು ತಾಳಬಲ್ಲ. ಒಂದೇ ಹಸು ಇರುವವನು ತಾಳಲಾರ. ಆದುದರಿಂದ ಇಂತಹ ವೀರ್ಯವು ಮೊದಲು ತಲಪಬೇಕಾದುದು, ಕಡಮೆ ಬೆಲೆಗೆ ಸಿಗಬೇಕಾದುದು, ಒಂದು ಹಸುವಿನ ಮನೆಗೆ.

ಆಗಲೂ ಕೆಲವು ಗಂಡುಕರುಗಳು ಹುಟ್ಟಿಯೇ ಹುಟ್ಟುವುವು. ಅವುಗಳಿಗೆ ಈ ಸೀಮೆಯಲ್ಲಿ ಒಂದು ಕೆಲಸವುಂಟು: ಗೊಬ್ಬರ. ಬಂಡೀಪುರದ ಅಂಚಿನ ಹಳ್ಳಿಗಳಿಂದ ಸೆಗಣಿಯು ಕಾಫಿ ತೋಟಗಳಿಗೆ ಮಾರಾಟವಾಗುವುದನ್ನೂ, ಕಾಫಿಯ ಬೆಲೆ ಏರಿದಾಗ ಇಲ್ಲಿ ದನಗಳ ಮಂದೆ ಹೆಚ್ಚಾದುದನ್ನೂ ಎಂ. ಡಿ. ಮಧುಸೂದನರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಆದರೆ ಆ ಮಂದೆಗಳು ಮೇದುದು ಕಾಡಿನಲ್ಲಿ. ಕಾಡಿಗೆ ಬಿಟ್ಟ ದನವು ಹುಲಿಗೆ ಆಹಾರವಾಗುವುದಲ್ಲದೆ, ರೋಗವನ್ನೂ ಒಯ್ಯಬಲ್ಲದು. 1968ರಲ್ಲಿ ದೊಡ್ಡರೋಗವು ಈ ಕಾಡುಗಳ ಕಾಟಿಗಳನ್ನು ಹೇಗೆ ಬಲಿ ತೆಗೆದುಕೊಂಡಿತೆಂಬುದನ್ನು ಮರೆಯಬಾರದು. ಆ ರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು. ಆದರೆ ಕಾಲುಬಾಯಿ ಜ್ವರ ಇನ್ನೂ ಇದೆ. ಬೀಜ ಒಡೆಸಿದ ಹೋರಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಜೋಳದ ಕಡ್ಡಿ, ರಾಗಿಹುಲ್ಲು, ಹುರುಳಿಯ ಹೊಟ್ಟುಗಳಿಂದ ಸಾಕಿ, ಅದರ ಗೊಬ್ಬರವನ್ನು ನಮ್ಮ ಅರಿಸಿನದ ಹೊಲಗಳಿಗೇ ಸೇರಿಸುವುದು ಮೇಲು. ಎರಡು ಘನ ಮೀಟರಿನ ಅನಿಲ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸೆಗಣಿ ಬೇಕು. ನಾಲ್ಕೈದು ದನಗಳು ಅದನ್ನು ಒದಗಿಸಿ, ಒಂದು ಮನೆಯ ಒಲೆಯನ್ನು ಉರಿಸಬಲ್ಲವು. ಇದರಿಂದ ಹೋರಿಯು ತನ್ನ ಮೇವಿನ ಖರ್ಚನ್ನು ಪೂರ್ತಿಯಾಗಿ ಹಿಂದಿರುಗಿಸುತ್ತದೆಂದು ನಾವು ಹೇಳುವುದಿಲ್ಲ. ಹೊರೆ ಕಡಮೆಯಾಗುತ್ತದೆ, ಉಳಿದುದನ್ನು ಹಾಲು ಹೊರಬೇಕು.

ವಿಜ್ಞಾನವು ನಮಗೆ ಹೆಚ್ಚು ಹಾಲನ್ನು ಕೊಟ್ಟಿತು. ನಾವು ಹಾಲನ್ನು ತೆಗೆದುಕೊಂಡು, ಜೊತೆಗೆ ಹುಟ್ಟಿದ ಕರುವನ್ನು ಲೆಕ್ಕದಿಂದ ಹೊರಗಿಟ್ಟೆವು. ಲೆಕ್ಕದಲ್ಲಿ ಒಂದು ಅಂಕಿಯನ್ನು ಬಿಟ್ಟು ಕೂಡಿದರೆ ಮೊತ್ತವು ಎಷ್ಟು ದೊಡ್ಡದಾಗಿ ಕಂಡರೂ ತಪ್ಪೇ ಎಂಬುದು ವಿದ್ಯಾರ್ಥಿಗಳಿಗೆ ನಾವು ಹೇಳಬೇಕಾದುದಲ್ಲ. ಮುಂದೆ ಪಶುವೈದ್ಯರು, ಸಂಘದ ಕಾರ್ಯದರ್ಶಿಗಳು, ಶಾಸಕರು ಆಗುವವರು ನಿಮ್ಮಲ್ಲಿಯೇ ಇದ್ದೀರಿ. ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡಿರಿ: ಕಳೆದ ವರ್ಷ ನಿಮ್ಮ ಬೀದಿಯಲ್ಲಿ ಎಷ್ಟು ಹಸುಗಳು ಈದುವು, ಅವುಗಳಲ್ಲಿ ಎಷ್ಟು ಗಂಡು, ಅವು ಈಗ ಎಲ್ಲಿವೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಿರಿ. ಆ ಪಟ್ಟಿಯಲ್ಲಿ ಖಾಲಿ ಉಳಿಯುವ ಸಾಲುಗಳೇ ನಮ್ಮ ವಾದದ ಸಾಕ್ಷಿ.